ಕೊಳಗ ಯಾರ ಕೈಯಲ್ಲಿದೆ?



ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಕಾಗೋಡು ಅಂತ ಒಂದು ಸಣ್ಣ ಹಳ್ಳಿ. ನೋಡಲಿಕ್ಕೆ ಮಲೆನಾಡಿನ ಬೇರೆ ಹಳ್ಳಿಗಳ ಹಾಗೇ: ಸುತ್ತ ಕಾಡು, ಗುಡ್ಡ, ತಗ್ಗಿನಲ್ಲಿ ಭತ್ತದ ಗದ್ದೆ, ಅಡಿಕೆ ತೋಟ. ಆದರೆ ಈ ರಾಜ್ಯದ ಗೇಣಿ ರೈತನಿಗೆ ಭೂಮಿ ಹೇಗೆ ಬಂತು ಅಂತ ಬರೆಯುವವರು ಈ ಹಳ್ಳಿಯ ಹೆಸರು ಬಿಟ್ಟು ಬರೆಯಲಾರರು.

ಮೊದಲು ಆ ನೆಲದ ಗುಣ ತಿಳಿಯಬೇಕು. ಮಳೆ ನಂಬಿದ ಗದ್ದೆಯಲ್ಲಿ ವರ್ಷಕ್ಕೆ ಒಂದೇ ಬೆಳೆ. ಅದರಲ್ಲೇ ಒಡೆಯರಿಗೆ ಗೇಣಿ ಅಳೆಯಬೇಕು, ಬೀಜಕ್ಕೆ ಇಡಬೇಕು, ಮುಂದಿನ ಸುಗ್ಗಿವರೆಗೆ ಮನೆಮಂದಿ ಉಣ್ಣಬೇಕು. ಅಳತೆಯಲ್ಲಿ ಹಿಡಿಯಷ್ಟು ಭತ್ತ ಹೆಚ್ಚು ಹೋದರೂ ಮಳೆಗಾಲದಲ್ಲಿ ಒಲೆ ಆರುತ್ತದೆ, ಸಾಲ ಹತ್ತುತ್ತದೆ. ಗದ್ದೆ ಬಿಡಿಸಿದರೆ ಬೇರೆ ದಿಕ್ಕೇ ಇಲ್ಲ.

ಜಗಳ ಹುಟ್ಟಿದ್ದು ಆ ಅಳತೆಯಿಂದಲೇ. ಗೇಣಿ ಅಳೆಯುವ ಕೊಳಗ ಒಡೆಯರದು, ಸರ್ಕಾರದ ಮುದ್ರೆ ಕೊಳಗಕ್ಕಿಂತ ದೊಡ್ಡದು. "ಮುದ್ರೆ ಕೊಳಗದಲ್ಲೇ ಅಳೀತೀವಿ" ಅಂದರು ಗೇಣಿದಾರರು. ಅವರಲ್ಲಿ ಹೆಚ್ಚಿನವರು ದೀವರು. ಬೆನ್ನಿಗೆ ನಿಂತವರು ಎಚ್. ಗಣಪತಿಯಪ್ಪ ಮತ್ತು ಸಾಗರ ತಾಲ್ಲೂಕು ರೈತ ಸಂಘ. ಒಡೆಯರು ಒಪ್ಪದೆ ಗದ್ದೆ ಬಿಡಿಸಲು ಹೊರಟರು. 1951ರ ಏಪ್ರಿಲ್‌ನಲ್ಲಿ ರೈತರು ನೇಗಿಲು ಹೊತ್ತು ಗದ್ದೆಗೆ ಇಳಿದರು, ಜೈಲಿಗೆ ನಡೆದರು. ಹೆಂಗಸರೂ ಹಿಂದೆ ಉಳಿಯಲಿಲ್ಲ. ಸಮಾಜವಾದಿಗಳು ಜೊತೆಗೂಡಿದರು. ಜೂನ್‌ನಲ್ಲಿ ಬಂದ ರಾಮಮನೋಹರ ಲೋಹಿಯಾ ಅವರನ್ನೂ ಬಂಧಿಸಿದರು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಆ ಸೀಮೆಯಿಂದಲೇ ಶಾಸನಸಭೆಗೆ ಹೋದರು.

ಕೂಡಲೇ ಭೂಮಿ ಸಿಕ್ಕಿತೇ? ಇಲ್ಲ. 1961ರಲ್ಲಿ ಭೂಸುಧಾರಣಾ ಕಾಯ್ದೆ ಬಂತು. ಅದಕ್ಕೆ ಹಲ್ಲು ಬಂದದ್ದು ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯಿಂದ. ಕೊಳಗದ ಜಗಳ ಕಾನೂನಾಗಲು 23 ವರ್ಷ ಹಿಡಿಯಿತು. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ಆ ಕಾಯ್ದೆ ಹಾಕಿದ್ದ ಬೇಲಿಯನ್ನು 2020ರ ತಿದ್ದುಪಡಿ ಕಿತ್ತುಹಾಕಿತು.

ಈಗ ಗೇಣಿ ಹೋಯಿತು, ಪಹಣಿಯಲ್ಲಿ ನಮ್ಮ ಹೆಸರು ಕೂತಿತು. ಆದರೆ ಕೊಳಗ ನಮ್ಮ ಕೈಗೆ ಬಂತೇ? ಖರ್ಚಿನ ಮೇಲೆ ಕನಿಷ್ಠ ಶೇಕಡ 50 ಸೇರಿಸಿ ಬೆಂಬಲ ಬೆಲೆ ಕೊಡಿ ಅಂತ ಸ್ವಾಮಿನಾಥನ್ ಆಯೋಗ 2006ರಲ್ಲಿ ಹೇಳಿತು. ಕೊಟ್ಟಿದ್ದೇವೆ ಅನ್ನುತ್ತದೆ ಕೇಂದ್ರ ಸರ್ಕಾರ. ಯಾವ ಖರ್ಚಿನ ಮೇಲೆ ಸ್ವಾಮಿ? ಕೈಯಿಂದ ಬಿಟ್ಟ ದುಡ್ಡು, ಮನೆಮಂದಿಯ ದುಡಿಮೆ — ಇಷ್ಟೇ ಲೆಕ್ಕ. ನಮ್ಮ ಸ್ವಂತ ನೆಲದ ಗೇಣಿ, ಹಾಕಿದ ಸ್ವಂತ ಬಂಡವಾಳದ ಬಡ್ಡಿ ಆ ಲೆಕ್ಕಕ್ಕೆ ಬರೋದಿಲ್ಲ. ಒಡೆಯನ ನೆಲವಾಗಿದ್ದಾಗ ದೊಡ್ಡ ಕೊಳಗದಲ್ಲಿ ಅಳೆದುಕೊಂಡ ಗೇಣಿ, ನೆಲ ನಮ್ಮದಾದ ಮೇಲೆ ಸೊನ್ನೆ! ಆ ಸೊನ್ನೆಯೇ ನಮ್ಮ ಪಾಸ್‌ಬುಕ್ಕಿನಲ್ಲಿ ಸಾಲವಾಗಿ ಕೂತಿದೆ.

ಕಾಗೋಡಿನ ಗೇಣಿದಾರರು ಯಾರ ದಯೆಯನ್ನೂ ಬೇಡಲಿಲ್ಲ. ಸರಿಯಾದ ಅಳತೆ ಕೇಳಿದರು, ಅಷ್ಟೇ. ನಾವು ಕೇಳಬೇಕಾದ್ದೂ ಅದೇ. ನಿಮ್ಮೂರಿನ ಕಟ್ಟೆ ಮೇಲೆ ಕೂತು, ಎಕರೆಗೆ ಬಿದ್ದ ಖರ್ಚನ್ನು ನೆಲದ ಗೇಣಿ, ಬಂಡವಾಳದ ಬಡ್ಡಿ ಸೇರಿಸಿ ನೀವೇ ಬರೆಯಿರಿ. ಹಳ್ಳಿ ಹಳ್ಳಿಯ ಲೆಕ್ಕ ಸಂಘದಲ್ಲಿ ಒಟ್ಟಾಗಲಿ. ಕೊಳಗ ನಮ್ಮ ಕೈಗೆ ಬರುವುದು ಆ ಲೆಕ್ಕದಿಂದಲೇ.