ಕಾಲುವೆಯ ಕೊನೆಯಲ್ಲಿ ನಿಂತು ನೋಡಿದಾಗ

ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದಾಗ ನಾಡಿಗೆ ನಾಡೇ ಕಳವಳಗೊಂಡಿತು. ನದಿಗೆ ಹರಿದುಹೋದ ಪ್ರತಿ ಟಿಎಂಸಿ ನೀರಿನ ಬಗ್ಗೆಯೂ ಚರ್ಚೆಯಾಯಿತು. ಅದು ಸಹಜವೇ. ಆದರೆ ಗೇಟುಗಳೆಲ್ಲ ಭದ್ರವಾಗಿರುವ ವರ್ಷಗಳಲ್ಲೂ ಇದೇ ಜಲಾಶಯದ ನೀರು ಎಡದಂಡೆ ಕಾಲುವೆಯ ಮೇಲ್ಭಾಗದ ಗದ್ದೆಗಳಲ್ಲಿ ಅಗತ್ಯ ಮೀರಿ ನಿಲ್ಲುತ್ತದೆ. ಅದರ ಲೆಕ್ಕ ಕೇಳುವವರು ಕಡಿಮೆ.

ಬರಪೀಡಿತ ಸೀಮೆಗೆ ಬೆಳೆರಕ್ಷಣೆ ಒದಗಿಸುವುದು ಈ ಯೋಜನೆಯ ಮೂಲ ಉದ್ದೇಶವಾಗಿತ್ತು. ಅಚ್ಚುಕಟ್ಟಿನ ಬಹುಭಾಗವನ್ನು ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳಿಗೆ ಗೊತ್ತುಪಡಿಸಲಾಗಿತ್ತು. ನಡೆದದ್ದು ಬೇರೆ. ಗಂಗಾವತಿ, ಸಿಂಧನೂರು ಭಾಗ ಭತ್ತದ ಕಣಜವಾಯಿತು. ಸುಮಾರು 227 ಕಿ.ಮೀ. ಉದ್ದದ ಕಾಲುವೆಯ ತುದಿಯಲ್ಲಿರುವ ಮಾನ್ವಿ, ರಾಯಚೂರು ಕಡೆಯ ರೈತರು ನೀರಿಗಾಗಿ ಬೀದಿಗಿಳಿಯುವುದು ವಾಡಿಕೆಯಾಯಿತು. ಜಲಾಶಯದಲ್ಲೂ ಹೂಳು ತುಂಬಿ, 133 ಟಿಎಂಸಿ ಇದ್ದ ಸಂಗ್ರಹಣಾ ಸಾಮರ್ಥ್ಯ ಸುಮಾರು 105ಕ್ಕೆ ಇಳಿದಿದೆ.

ಸೇವೆಯಲ್ಲಿದ್ದಾಗ ಭತ್ತ ನಾಟಿ ಮಾಡಬಾರದೆಂಬ ಸುತ್ತೋಲೆಗಳಿಗೆ ನಾನೂ ಸಹಿ ಹಾಕಿದ್ದೇನೆ. ಅವುಗಳಿಂದ ಒಂದು ಗದ್ದೆಯೂ ಒಣಗಲಿಲ್ಲ. ಒಮ್ಮೆ ಜಾಲಿ ಬೆಳೆದಿದ್ದ ಉಪಕಾಲುವೆಯೊಂದರ ಬಳಿ ಹಿರಿಯ ರೈತರೊಬ್ಬರು, ‘ನೀರ ಯಾವಾಗ ಬರ್ತದ ಅಂತ ಗೊತ್ತಾದ್ರ ಸಾಕ್ರಿ ಸಾಹೇಬ್ರ, ಎಷ್ಟು ಅನ್ನೋದು ಆಮ್ಯಾಲ’ ಎಂದರು. ಅರ್ಥಶಾಸ್ತ್ರದ ತರಗತಿಯಲ್ಲಿ ಅನಿಶ್ಚಿತತೆಯ ಕುರಿತು ಕಲಿತದ್ದಕ್ಕಿಂತ ಹೆಚ್ಚಿನದು ಆ ಮಾತಿನಲ್ಲಿತ್ತು. ಮುಂದಿನ ಸರದಿ ಯಾವಾಗ ಬರುವುದೋ ತಿಳಿಯದ ರೈತ ಸಿಕ್ಕಾಗಲೇ ಗದ್ದೆ ತುಂಬಿಸಿಕೊಳ್ಳುತ್ತಾನೆ. ನೀರಿನ ಕರವೂ ಎಕರೆ ಲೆಕ್ಕದಲ್ಲಿದೆ, ಬಳಸಿದ ಪ್ರಮಾಣಕ್ಕಲ್ಲ. ಹೀಗಿರುವಾಗ ಉಳಿಸಿ ಅವನಿಗೇನು ಲಾಭ?

ನಿಂತ ನೀರಿನೊಂದಿಗೆ ಗೊಬ್ಬರವೂ ಪೋಲಾಗುತ್ತದೆ. ನೀರು ನಿಂತ ಗದ್ದೆಗೆ ಎರಚಿದ ಯೂರಿಯಾದ ಸಾರಜನಕದಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಪಾಲು ಪೈರಿಗೆ ದಕ್ಕುತ್ತದೆ. ಉಳಿದದ್ದರಲ್ಲಿ ಬಹಳಷ್ಟು ಅನಿಲವಾಗಿ ಗಾಳಿ ಸೇರುತ್ತದೆ, ಇಲ್ಲವೇ ಬಸಿದು ಹೋಗುತ್ತದೆ. ಪೈರು ಹಳದಿಯಾದರೆ ರೈತ ಮತ್ತೊಂದು ಚೀಲ ತರುತ್ತಾನೆ. ತರದೇ ಏನು ಮಾಡಿಯಾನು? 45 ಕಿಲೋ ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ, 50 ಕಿಲೋ ಡಿಎಪಿಗೆ 1,350 ರೂಪಾಯಿ. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ಯೂರಿಯಾವನ್ನು ಅದರಿಂದ ಹೊರಗಿಟ್ಟದ್ದರ ಫಲವಿದು. 2015ರಲ್ಲಿ ಬೇವು ಲೇಪನ ಕಡ್ಡಾಯವಾಯಿತು, ಅದೇ ವರ್ಷ ಮಣ್ಣಿನ ಆರೋಗ್ಯ ಚೀಟಿಯೂ ಬಂತು. ಚೀಟಿ ಒಂದು ಸಲಹೆ ಕೊಡುತ್ತದೆ, ಅಂಗಡಿಯ ಬೆಲೆ ಇನ್ನೊಂದನ್ನು. ರೈತ ಯಾವುದನ್ನು ಕೇಳುತ್ತಾನೆಂದು ಹೇಳಬೇಕಿಲ್ಲ. ಇತ್ತ ಮೇಲ್ಭಾಗದ ಜಮೀನೇ ಸವಳು-ಜವಳಾಗುತ್ತಿದೆ.

ಕೂರಿಗೆ ಬಿತ್ತನೆಯ ಭತ್ತ, ಗದ್ದೆಯನ್ನು ಒಮ್ಮೆ ತೋಯಿಸಿ ಒಮ್ಮೆ ಆರಿಸುವ ಕ್ರಮ, ಹಂತಹಂತವಾಗಿ ಗೊಬ್ಬರ ಕೊಡುವುದು, ಇವೆಲ್ಲ ತಿಳಿದ ಸಂಗತಿಗಳೇ. ಆದರೆ ಗದ್ದೆ ಆರಲು ಬಿಡಬೇಕಾದರೆ ಮುಂದಿನ ನೀರು ಬಂದೇ ಬರುತ್ತದೆಂಬ ನಂಬಿಕೆ ಬೇಕು. ಆದ್ದರಿಂದ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ವಿತರಣಾ ಕಾಲುವೆಯ ತೂಬಿನಲ್ಲೇ ಅಳೆದು ನೀರು ಕೊಡಬೇಕು, ಬಿತ್ತನೆಗೆ ಮೊದಲೇ ಸರದಿಯ ದಿನಾಂಕಗಳನ್ನು ಪ್ರಕಟಿಸಬೇಕು. ಯೂರಿಯಾ ಬೆಲೆಯನ್ನು ಮೆಲ್ಲಗೆ ಏರಿಸಿ, ಉಳಿದ ಸಬ್ಸಿಡಿಯನ್ನು ಎಕರೆವಾರು ನಗದಾಗಿ ಹಿಂದಿರುಗಿಸಬೇಕು.

ಇಲ್ಲಿ ತೊಡಕೊಂದಿದೆ, ಅದನ್ನು ಮುಚ್ಚಿಡಲಾರೆ. ಈ ಅಚ್ಚುಕಟ್ಟಿನಲ್ಲಿ ಬಾಯಿಮಾತಿನ ಲೀಸಿನ ಮೇಲೆ ದುಡಿಯುವವರು ಬಹಳ. ಪಹಣಿ ನೋಡಿ ನಗದು ಹಂಚಿದರೆ ಹಣ ಭೂಮಾಲೀಕನ ಖಾತೆಗೆ, ದುಬಾರಿ ಯೂರಿಯಾದ ಹೊರೆ ಗೇಣಿದಾರನಿಗೆ. ಅವರ ಹೆಸರು ದಾಖಲೆಗೆ ಬರುವವರೆಗೆ ಬೆಲೆಗೆ ಕೈಹಾಕುವುದು ತಪ್ಪಾಗುತ್ತದೆ. ನೀರನ್ನು ಅಳೆದು ಕೊಡಲು, ಸರದಿ ಪ್ರಕಟಿಸಲು ಮಾತ್ರ ಯಾರ ಪಹಣಿಯೂ ಅಡ್ಡಿಯಿಲ್ಲ. ಅದನ್ನು ಬರುವ ಮುಂಗಾರಿಗೇ ಆರಂಭಿಸಬಹುದು.