ಪತ್ರಿಕೆಗೆ ‘ನೇಗಿಲು’ ಎಂದು ಹೆಸರಿಟ್ಟ ಕವಿ

ಕಾಜಿ ನಜ್ರುಲ್ ಇಸ್ಲಾಂ ಎಂದರೆ ‘ಬಂಡಾಯ ಕವಿ’ ಎಂದು ಎಲ್ಲರೂ ಹೇಳುತ್ತಾರೆ. 1921ರ ಡಿಸೆಂಬರ್‌ನಲ್ಲಿ ‘ಬಿದ್ರೋಹಿ’ ಕವಿತೆ ಬರೆದಾಗ ಅವರಿಗೆ ಬರೀ 22 ವರ್ಷ. ಮುಂದೆ ಬಾಂಗ್ಲಾದೇಶದ ರಾಷ್ಟ್ರಕವಿಯಾದರು. ಆದರೆ ಹಳ್ಳಿಯವರಾದ ನಾವು ಅವರನ್ನು ಇನ್ನೊಂದು ಕಾರಣಕ್ಕೆ ನೆನೆಯಬೇಕು. ಅವರು ಹಳ್ಳಿಯಿಂದ ಬಂದ, ಯಾವ ಡಿಗ್ರಿಯೂ ಇಲ್ಲದ ಪತ್ರಕರ್ತ.

ಹುಟ್ಟಿದ್ದು 1899ರಲ್ಲಿ, ಬಂಗಾಳದ ಬರ್ಧಮಾನ್ ಜಿಲ್ಲೆಯ ಚುರುಲಿಯಾ ಎಂಬ ಹಳ್ಳಿಯಲ್ಲಿ. ಸಣ್ಣವರಿದ್ದಾಗಲೇ ತಂದೆ ತೀರಿಕೊಂಡರು. ಮಸೀದಿಯಲ್ಲಿ ಆಜಾನ್ ಕೂಗಿದರು. ನಮ್ಮ ಬಯಲಾಟದಂಥ ‘ಲೆಟೊ’ ಎಂಬ ಮೇಳಕ್ಕೆ ಸೇರಿ ಹಾಡು ಕಟ್ಟಿದರು. ಆಸನ್‌ಸೋಲ್‌ನ ಬೇಕರಿಯಲ್ಲಿ ಕೂಲಿ ಮಾಡಿದರು. 1917ರಲ್ಲಿ ಶಾಲೆ ಬಿಟ್ಟು ಸೈನ್ಯಕ್ಕೆ ಸೇರಿ ಕರಾಚಿಗೆ ಹೋದರು. 1920ರಲ್ಲಿ ಕಲ್ಕತ್ತಾಕ್ಕೆ ಬಂದು ಪತ್ರಿಕೆ ಕೆಲಸಕ್ಕೆ ಕೈಹಾಕಿದರು.

1922ರ ಆಗಸ್ಟ್‌ನಲ್ಲಿ ‘ಧೂಮಕೇತು’ ಎಂಬ ಪತ್ರಿಕೆ ಶುರು ಮಾಡಿದರು. ವಾರಕ್ಕೆ ಎರಡು ಸಲ ಬರುತ್ತಿದ್ದ ಸಣ್ಣ ಪತ್ರಿಕೆ ಅದು. ಕಾಂಗ್ರೆಸ್ ಪೂರ್ಣ ಸ್ವರಾಜ್ಯದ ಠರಾವು ಮಾಡಿದ್ದು 1929ರಲ್ಲಿ. ‘ಧೂಮಕೇತು’ ಅದನ್ನು 1922ರಲ್ಲೇ ಕೇಳಿತು. ಆ ವರ್ಷ ದುರ್ಗಾಪೂಜೆಯ ಹೊತ್ತಿಗೆ, ದೇವಿ ಬರುವುದನ್ನೇ ನೆಪ ಮಾಡಿಕೊಂಡು ಬ್ರಿಟಿಷರ ವಿರುದ್ಧ ಒಂದು ಕವಿತೆ ಬರೆದು ಅದರಲ್ಲೇ ಅಚ್ಚು ಹಾಕಿದರು. ಸರ್ಕಾರ ಅವರನ್ನು ಬಂಧಿಸಿ ಒಂದು ವರ್ಷದ ಕಠಿಣ ಶಿಕ್ಷೆ ಕೊಟ್ಟಿತು. ಹೂಗ್ಲಿ ಜೈಲಿನಲ್ಲಿ ಕೈದಿಗಳನ್ನು ನಡೆಸಿಕೊಳ್ಳುತ್ತಿದ್ದ ರೀತಿ ನೋಡಿ ತಿಂಗಳಿಗೂ ಹೆಚ್ಚು ಕಾಲ ಉಪವಾಸ ಕೂತರು. ಉಪವಾಸ ಬಿಡುವಂತೆ ರವೀಂದ್ರನಾಥ ಟ್ಯಾಗೋರ್ ಟೆಲಿಗ್ರಾಂ ಕಳಿಸಿದರು. ತಮ್ಮ ‘ಬಸಂತ’ ನಾಟಕವನ್ನೂ ಈ ಜೈಲುಹಕ್ಕಿಗೇ ಅರ್ಪಿಸಿದರು.

ಜೈಲಿನಿಂದ ಬಂದ ಮೇಲೂ ಸುಮ್ಮನಿರಲಿಲ್ಲ. ರೈತರು, ಕಾರ್ಮಿಕರ ಪರವಾಗಿ ಕಟ್ಟಿದ ಹೊಸ ಪಕ್ಷಕ್ಕೆ 1925ರ ಡಿಸೆಂಬರ್‌ನಲ್ಲಿ ಒಂದು ವಾರಪತ್ರಿಕೆ ಬಂತು. ಅದನ್ನು ನಡೆಸಿದವರಲ್ಲಿ ನಜ್ರುಲ್ ಮುಂದಿದ್ದರು. ಹೆಸರು ‘ಲಾಂಗಲ್’, ಅಂದರೆ ನೇಗಿಲು. ಮೊದಲ ಸಂಚಿಕೆಯಲ್ಲೇ ‘ಸಾಮ್ಯವಾದಿ’ ಕವಿತೆಗಳು ಬಂದವು. ಕಲ್ಕತ್ತಾದ ಓದಿದ ಜನರ ಮುಂದೆ, ಉಳುವವನ ಸಾಮಾನಿನ ಹೆಸರು ಪತ್ರಿಕೆಯ ತಲೆಯ ಮೇಲೆ ಕೂತಿತು. ಯಾರಿಗಾಗಿ ಬರೆಯುತ್ತೇವೆ ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳುವುದು ಹೇಗೆ?

ಇವೆಲ್ಲ ಆ ಹೊತ್ತಿನ ಗದ್ದಲ, ಕಾವ್ಯವಲ್ಲ ಎಂದು ಆಗಲೇ ಕೆಲವರು ಮೂಗು ಮುರಿದಿದ್ದರು. ಪತ್ರಿಕೆಗಳೂ ಬಹಳ ದಿನ ಬಾಳಲಿಲ್ಲ. ‘ಧೂಮಕೇತು’, ‘ಲಾಂಗಲ್’ ಎರಡೂ ಕೆಲವೇ ತಿಂಗಳಲ್ಲಿ ನಿಂತವು. ಹಾಗಂತ ಅವು ಸೋತವು ಎಂದು ನಾನು ಒಪ್ಪುವುದಿಲ್ಲ. ಒಂದು ಪತ್ರಿಕೆ ಎಷ್ಟು ವರ್ಷ ನಡೆಯಿತು ಎನ್ನುವುದಕ್ಕಿಂತ ಯಾರ ಪರವಾಗಿ ನಡೆಯಿತು ಎಂಬುದು ದೊಡ್ಡದು.

ಇನ್ನೊಂದು ಮಾತು. ನಜ್ರುಲ್ ಕಾಳಿಯ ಮೇಲೆ ಹಾಡು ಬರೆದರು, ರಂಜಾನ್ ಮೇಲೂ ಬರೆದರು. ಹಿಂದೂ ಮನೆತನದ ಪ್ರಮೀಳಾರನ್ನು ಮದುವೆಯಾದರು. ಮೊದಲ ಮಗನಿಗೆ ಕೃಷ್ಣ ಮಹಮ್ಮದ್ ಎಂದು ಹೆಸರಿಟ್ಟರು. ಎರಡೂ ಕಡೆಯ ಮಡಿವಂತರಿಂದ ಬೈಗುಳ ತಿಂದರು. ಈಗ ಅವರವರಿಗೆ ಬೇಕಾದ ಅರ್ಧ ನಜ್ರುಲ್‌ನನ್ನು ಮಾತ್ರ ಫಾರ್ವರ್ಡ್ ಮಾಡುವವರಿದ್ದಾರೆ. ಅರ್ಧಕ್ಕೆ ಕತ್ತರಿಸಿದರೆ ಅದು ನಜ್ರುಲ್ ಅಲ್ಲ.

1942ರಲ್ಲಿ ಕಾಯಿಲೆ ಬಿದ್ದು ಮಾತು ನಿಂತಿತು. 1976ರಲ್ಲಿ ಢಾಕಾದಲ್ಲಿ ತೀರಿಕೊಳ್ಳುವವರೆಗೂ ಅದು ಮರಳಲಿಲ್ಲ. ನಮಗೆ ಉಳಿದದ್ದೆಲ್ಲ ಅದಕ್ಕೂ ಮುಂಚಿನ ಇಪ್ಪತ್ತು ಚಿಲ್ಲರೆ ವರ್ಷಗಳ ದುಡಿಮೆ.

ಈಗ ನಮ್ಮ ಹಳ್ಳಿಗಳು ಸುದ್ದಿಯಾಗುವುದು ಯಾವಾಗ? ಅಪಘಾತವಾದರೆ, ಜಾತ್ರೆ ನಡೆದರೆ, ಬರ ಬಂದರೆ ಒಂದು ಫೋಟೊ. ಕೂಲಿ ಎಷ್ಟು ಸಿಗುತ್ತಿದೆ, ಬೆಳೆಗೆ ಬೆಲೆ ಯಾಕೆ ಬಿತ್ತು, ಸಾಲದ ಬಡ್ಡಿ ಎಲ್ಲಿಗೆ ಮುಟ್ಟಿತು ಎಂದು ಬರೆಯುವವರು ಕಡಿಮೆ. ನಮ್ಮಂಥವರು ಬರೆದದ್ದನ್ನು ಓದುವಾಗ ಇದನ್ನೇ ಕೇಳಿ. ಇದರಲ್ಲಿ ನಮ್ಮ ನೇಗಿಲಿನ ಸುದ್ದಿ ಎಲ್ಲಿದೆ ಎಂದು ಜಬರಿಸಿ. ಬರೆಯುವ ನಮಗೆ ಅದು ಬೇಕು.