ಎಷ್ಟು ಮಂದಿ ಹೆಸರೆತ್ತಿದರು?

ಗಜೇಂದ್ರಗಡದಲ್ಲಿ ಬಂಧುಗಳ ಮನೆಯ ಮದುವೆ ಮುಗಿಸಿಕೊಂಡು ಹಿಂದಿರುಗುವಾಗ ರೋಣದಲ್ಲಿ ಅಣ್ಣನ ಮನೆಯಲ್ಲಿ ಎರಡು ದಿನ ತಂಗಿದ್ದೆ. ಅಣ್ಣನ ಮಗ ಒಂದು ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕ. ಅವನೂ ರಜೆಗೆ ಬಂದಿದ್ದ. ರಾತ್ರಿ ಊಟವಾದ ಮೇಲೆ ಅವನು ಒಂದು ಹಾಳೆಯನ್ನು ನನ್ನ ಮುಂದೆ ಹಿಡಿದ. ಅವನ ವಿಭಾಗದ ಪ್ರತಿಯೊಬ್ಬರ ಹೆಸರಿನ ಮುಂದೆಯೂ ಮೂರು ಅಂಕಿಗಳಿದ್ದವು: ಪ್ರಕಟವಾದ ಲೇಖನಗಳೆಷ್ಟು, ಅವನ್ನು ಇತರ ಸಂಶೋಧಕರು ಉಲ್ಲೇಖಿಸಿದ್ದು ಎಷ್ಟು ಸಲ, ಕೊನೆಯದಾಗಿ ‘ಎಚ್-ಸೂಚ್ಯಂಕ’. ಈ ಮೂರನೆಯದನ್ನು 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಹೊರತಂದರಂತೆ. ಒಬ್ಬರ ಹತ್ತು ಲೇಖನಗಳಿಗೆ ತಲಾ ಹತ್ತಾದರೂ ಉಲ್ಲೇಖ ಸಂದಿದ್ದರೆ ಸೂಚ್ಯಂಕ ಹತ್ತು. ವರನ ಜಾತಕವನ್ನು ನೋಡುವ ಶ್ರದ್ಧೆಯಿಂದಲೇ ಈಗ ಈ ಅಂಕಿಗಳನ್ನೂ ನೋಡುತ್ತಾರೆಂದು ತೋರುತ್ತದೆ.

ಹುಡುಗನ ಸಂಕಟ ಬೇರೆ. ಈ ಸೀಮೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಮು ದಾಟಬಾರದೆಂಬುದು ನಿಯಮ. ಬಾಲ್ಯದಲ್ಲಿ ಅಂಥ ನೀರನ್ನು ಕುಡಿದವರ ಹಲ್ಲುಗಳ ಮೇಲೆ ಕಂದು ಪಟ್ಟೆಗಳು ಮೂಡುತ್ತವೆ. ಹಲವು ವರ್ಷ ಕುಡಿದರೆ ಬೆನ್ನು, ಕೀಲುಗಳು ಬಿಗಿದುಕೊಳ್ಳುತ್ತವೆ. ಊರೂರಿನ ಶಾಲೆಗಳಿಗೆ ಹೋಗಿ ಮಕ್ಕಳ ಹಲ್ಲು ನೋಡಿ, ಆಯಾ ಊರಿನ ನೀರನ್ನು ಪರೀಕ್ಷಿಸಬೇಕೆಂಬುದು ಅವನ ಆಸೆ. ಹಿರಿಯರು ಒಪ್ಪಲಿಲ್ಲ.

“ಕಾಕಾ, ಹಲ್ಲಿನ ಕಲೆ ಹಳೇ ವಿಷಯ ಅಂತಾರ. ಅದನ್ನ ಉಲ್ಲೇಖ ಮಾಡೋರು ಯಾರು ಅಂತ ಕೇಳ್ತಾರ” ಎಂದ.

ಹಳೆಯ ವಿಷಯವೆಂಬುದು ನಿಜ. ನಮ್ಮ ದೇಶದ ಫ್ಲೋರೈಡು ಬಾಧೆಯನ್ನು ನೆಲ್ಲೂರು ಜಿಲ್ಲೆಯಲ್ಲಿ ಕಂಡು, 1937ರಲ್ಲಿಯೇ ನಮ್ಮದೇ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ ವರದಿ ಮಾಡಲಾಗಿತ್ತು. ಆದರೆ ವರದಿ ಹಳತಾದ ಮಾತ್ರಕ್ಕೆ ನೀರು ಸಿಹಿಯಾಗುವುದಿಲ್ಲವಲ್ಲ!

ಅವನಿಗೆ ನಾನು ಕಲ್ಕತ್ತೆಯ ಡಾಕ್ಟರ್ ಶಂಭುನಾಥ ಡೇ ಅವರ ಕಥೆ ಹೇಳಿದೆ. ಕಾಲರಾ ರೋಗಾಣುವನ್ನು ರಾಬರ್ಟ್ ಕಾಖ್ 1884ರಲ್ಲಿ ಅದೇ ಊರಿನಲ್ಲಿ ಬೇರ್ಪಡಿಸಿ, ಅದು ಯಾವುದೋ ವಿಷವನ್ನು ಸ್ರವಿಸುತ್ತಿರಬೇಕೆಂದು ಊಹಿಸಿದ್ದರು. ಆ ವಿಷ ಮಾತ್ರ ಮುಕ್ಕಾಲು ಶತಮಾನ ಯಾರ ಕೈಗೂ ಸಿಗಲಿಲ್ಲ. ಡೇ ಅವರ ಬಳಿ ಇದ್ದುದು ಮೊಲಗಳು, ದಾರ, ಮತ್ತು ತಾಳ್ಮೆ. ಜೀವಂತ ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಅದರೊಳಕ್ಕೆ ರೋಗಾಣುಗಳನ್ನು ಹಾಕಿದರು. ಮರುದಿನ ನೋಡಿದರೆ ಆ ತುಂಡು ನೀರು ತುಂಬಿ ಉಬ್ಬಿತ್ತು. ಇದು 1953ರ ಮಾತು. ಆಮೇಲೆ ರೋಗಾಣುಗಳನ್ನು ಪೂರ್ತಿಯಾಗಿ ಸೋಸಿ ತೆಗೆದು, ಬರಿಯ ಸೋಸಿದ ದ್ರವವನ್ನೇ ಹಾಕಿದರೂ ಕರುಳು ಹಾಗೆಯೇ ಉಬ್ಬಿತು. ವಿಷ ಇರುವುದು ಖಚಿತವಾಯಿತು. ಅದು ಕೆಲಸ ಮಾಡುವುದು ರಕ್ತದಲ್ಲಲ್ಲ, ಕರುಳಿನಲ್ಲಿ ಎಂಬುದೂ ತಿಳಿಯಿತು. 1959ರ ಮೇ 30ರ ‘ನೇಚರ್’ ಪತ್ರಿಕೆಯಲ್ಲಿ ಇದು ಎರಡೇ ಪುಟಗಳಲ್ಲಿ ಪ್ರಕಟವಾಯಿತು.

ಮೊದಲ ಕೆಲವು ವರ್ಷ ಅದರತ್ತ ಹೆಚ್ಚು ಮಂದಿ ತಿರುಗಿ ನೋಡಲಿಲ್ಲ. ಆಗ ಬಡ್ತಿಗೆ ಉಲ್ಲೇಖಗಳನ್ನು ಎಣಿಸುತ್ತಿದ್ದರೆ ಡೇ ಅವರಿಗೆ ಏನು ದಕ್ಕುತ್ತಿತ್ತೋ! ಕ್ರಮೇಣ ಹೊರದೇಶಗಳ ಪ್ರಯೋಗಶಾಲೆಗಳು ಆ ಮೊಲದ ಕರುಳಿನ ವಿಧಾನವನ್ನೇ ಹಿಡಿದು ಮುಂದೆ ನಡೆದವು. ನೊಬೆಲ್ ಪುರಸ್ಕೃತ ಲೆಡರ್‌ಬರ್ಗ್ ಅವರು ಡೇ ಹೆಸರನ್ನು ಅದೇ ಪುರಸ್ಕಾರಕ್ಕೆ ಸೂಚಿಸಿದರು. 1978ರಲ್ಲಿ ಸ್ಟಾಕ್‌ಹೋಮಿನ ನೊಬೆಲ್ ವಿಚಾರಗೋಷ್ಠಿಗೆ ಕರೆ ಬಂತು. ಅಷ್ಟು ಹೊತ್ತಿಗೆ ಅವರು ನಿವೃತ್ತರಾಗಿ ಐದು ವರ್ಷ ಕಳೆದಿತ್ತು. 1985ರಲ್ಲಿ ತೀರಿಕೊಂಡಾಗ ಸ್ವದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿಕೊಂಡಿರಲಿಲ್ಲ.

ಇಲ್ಲೊಂದು ವಿಚಿತ್ರವಿದೆ. ಉಲ್ಲೇಖಗಳನ್ನು ಎಣಿಸುವ ದೊಡ್ಡ ಸೂಚಿಯನ್ನು 1964ರಲ್ಲಿ ಆರಂಭಿಸಿದ ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ ಅವರೇ 1986ರಲ್ಲಿ ಡೇ ಅವರ ಲೇಖನಗಳ ಜಾಡು ಹಿಡಿದು ಒಂದು ಪ್ರಬಂಧ ಬರೆದರು. ಯಾರಿಂದ ಯಾರು ಏನನ್ನು ಪಡೆದರೆಂಬುದು ಅವರ ಸೂಚಿಯಿಂದಲೇ ಹೊರಬಿತ್ತು. ನಮ್ಮ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆ 1990ರಲ್ಲಿ ಡೇ ಅವರ ಸ್ಮರಣೆಗೆ ವಿಶೇಷ ಸಂಚಿಕೆಯನ್ನೇ ಹೊರತಂದಿತು. ಆದುದರಿಂದ ಎಣಿಕೆಯನ್ನು ನಾನು ಹಳಿಯಲಾರೆ. ಅದು ಪ್ರಾಮಾಣಿಕ ಲೆಕ್ಕವೇ. ಆದರೆ ತಡವಾಗಿ ಬರುವ ಲೆಕ್ಕ. ಅದನ್ನು ಕೆಲಸ ಮುಗಿದ ಮೇಲೆ ನೋಡುವುದು ಬೇರೆ; ಕೆಲಸವನ್ನು ಆರಿಸುವಾಗಲೇ ಮುಂದಿಟ್ಟುಕೊಳ್ಳುವುದು ಬೇರೆ.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. “ಡೇ ಅವರು ಕಾಲರಾನೇ ಯಾಕ ಹಿಡಿದ್ರು, ಕಾಕಾ?” ಎಂದು ಕೇಳಿದ.

“ಅವರ ಊರಾಗ ಅದ ಇತ್ತಲ್ಲಪಾ” ಎಂದೆ.

ಮರುದಿನ ನಾನು ನರಗುಂದದ ಬಸ್ಸು ಹಿಡಿಯಬೇಕಾಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ವೈನಿ ಹಿತ್ತಲಲ್ಲಿ ಕೂತು ಮದುವೆಯಿಂದ ತಂದಿದ್ದ ಖಾಲಿ ಪ್ಲಾಸ್ಟಿಕ್ ಬಾಟಲಿಗಳನ್ನು ತೊಳೆದು ಬೋರಲು ಹಾಕುತ್ತಿದ್ದರು. ಮಗ ಒಂದೊಂದರ ಮೇಲೂ ಊರಿನ ಹೆಸರು ಬರೆದು ಚೀಟಿ ಅಂಟಿಸುತ್ತಿದ್ದ.